ಕೆಎಸ್‌ಪಿ ಅಂದ್ರೆ ಪೊಲೀಸ್ ಅಲ್ಲ, ಮಾಮ

ಹುಳಿಮಾವಿನಲ್ಲಿ ಮನೆ ಹುಡುಕೋಕೆ ಬರೋರು ಬಾಡಿಗೆ, ಅಡ್ವಾನ್ಸ್ ಎಲ್ಲಾ ವಿಚಾರಿಸಿ ಆದಮೇಲೆ ಸ್ವಲ್ಪ ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಕೇಳ್ತಾರೆ: "ನೀರು ಯಾವುದು?" ಕಾವೇರಿ ಅಂದ್ರೆ ಮುಖ ಅರಳುತ್ತೆ. ಬೋರ್‌ವೆಲ್ ಅಂದ್ರೆ "ಉಪ್ಪುನೀರಾ?" ಅಂತಾರೆ. ಟ್ಯಾಂಕರ್ ಅಂದ್ರೆ 2024ರ ಬೇಸಿಗೆ ನೆನಪಾಗಿ ಸುಮ್ಮನಾಗ್ತಾರೆ. ಬನ್ನೇರುಘಟ್ಟ ರಸ್ತೆಯ ಈ ಕಡೆ ಎಷ್ಟೋ ಅಪಾರ್ಟ್‌ಮೆಂಟುಗಳ ಸಂಪಿನಲ್ಲಿ ಮೂರೂ ಬೆರೆತಿರುತ್ತೆ. ನಮ್ಮದೂ ಅಷ್ಟೇ.

ಬೋರ್‌ವೆಲ್ ನೀರಿನ ಪಾಲು ಜಾಸ್ತಿಯಾದ ವಾರ ಕೆಟಲ್ ತಳ ನೋಡಿದ್ರೆ ಗೊತ್ತಾಗುತ್ತೆ. ಬೆಳ್ಳಗೆ ಪರೆ ಕಟ್ಟಿರುತ್ತೆ, ಚಮಚದಲ್ಲಿ ಕೆರೆದ್ರೆ ಚೂರು ಚೂರಾಗಿ ಏಳುತ್ತೆ. ಷವರ್ ತೂತುಗಳು ಒಂದೊಂದಾಗಿ ಮುಚ್ಚಿಕೊಳ್ತವೆ. ಗೀಸರ್ ರಿಪೇರಿಯವರು ಬಂದು, ಕಾಯಿಲ್ ಹೊರಗೆ ತೆಗೆದು, "ಸಾಲ್ಟ್ ಕಟ್ಟಿದೆ ಸಾರ್" ಅಂತಾರೆ. ಅವರ ಮಾತು ಕೆಮಿಸ್ಟ್ರಿ ಪ್ರಕಾರ ನೂರಕ್ಕೆ ನೂರು ಸರಿ. ಅದು ಸಾಲ್ಟೇ. ಸಾರಿಗೆ ಹಾಕೋ ಸಾಲ್ಟ್ ಬೇರೆ, ಇದು ಕ್ಯಾಲ್ಸಿಯಂ ಕಾರ್ಬೊನೇಟ್. ನೀರಲ್ಲಿ ಸುಲಭಕ್ಕೆ ಕರಗಲ್ಲ, ಹಾಗಂತ ಒಂದು ಚೂರೂ ಕರಗಲ್ಲ ಅನ್ನೋ ಹಾಗೂ ಇಲ್ಲ. ಇಂಥ "ಕರಗೀ ಕರಗದ" ಲವಣಗಳಿಗೆ ಅಂತಲೇ ಕೆಮಿಸ್ಟ್ರಿಯಲ್ಲಿ ಒಂದು ಪುಟ್ಟ ಲೆಕ್ಕ ಇದೆ. ಆ ಲೆಕ್ಕ ಈ ವರ್ಷ ನಮ್ಮ ಮನೆಯ ಡೈನಿಂಗ್ ಟೇಬಲ್ ಮೇಲೆ ಬಂದು ಕೂತಿತು.

ತಂದವಳು ನಮ್ಮಕ್ಕನ ಮಗಳು. ಪಾವಗಡ ಕಡೆಯ ನಮ್ಮೂರಿಂದ ಬಂದು, ನಮ್ಮ ಜೊತೆ ಇದ್ದುಕೊಂಡು ಫಸ್ಟ್ ಪಿಯುಸಿ ಓದ್ತಿದ್ದಾಳೆ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಒಂದು ಭಾನುವಾರ ಕೆಮಿಸ್ಟ್ರಿ ಪುಸ್ತಕ ಹಿಡ್ಕೊಂಡು ಬಂದು, "ಮಾಮ, ಕೆಎಸ್‌ಪಿ ಅರ್ಥ ಆಗ್ತಿಲ್ಲ" ಅಂದಳು.

"ಕರ್ನಾಟಕ ಸ್ಟೇಟ್ ಪೊಲೀಸ್," ಅಂದೆ, ಲ್ಯಾಪ್‌ಟಾಪಿನಿಂದ ಕಣ್ಣು ತೆಗೀದೆ.

"ಪೊಲೀಸ್ ಅಲ್ಲ ಮಾಮ, ಸಾಲ್ಯುಬಿಲಿಟಿ ಪ್ರಾಡಕ್ಟು."

ಪ್ರಾಡಕ್ಟು ಅಂದ ತಕ್ಷಣ ನಮ್ಮಂಥೋರಿಗೆ ಪ್ರಾಡಕ್ಟ್ ಮ್ಯಾನೇಜರ್ ಮುಖ ಕಣ್ಮುಂದೆ ಬರುತ್ತೆ. ಇದು ಬರೀ ಗುಣಾಕಾರದ ಪ್ರಾಡಕ್ಟು, ಗುಣಲಬ್ಧ. ಕರಗಿದ ತುಣುಕುಗಳ ಪ್ರಮಾಣವನ್ನ ಒಂದಕ್ಕೊಂದು ಗುಣಿಸಿದ್ರೆ ಬರೋ ಸಂಖ್ಯೆ. ವಾಲ್ಟರ್ ನೆರ್ನ್‌ಸ್ಟ್ ಅನ್ನೋ ಜರ್ಮನ್ ವಿಜ್ಞಾನಿ 1889ರಲ್ಲಿ ಇದಕ್ಕೊಂದು ರೂಪ ಕೊಟ್ಟ. ಇವತ್ತಿಗೂ ನಮ್ಮ ಮಕ್ಕಳ ಪುಸ್ತಕದಲ್ಲಿ ಅದೇ ಇದೆ.

ಅವಳ ನೋಟ್ಸ್ ತೆಗೆದು ನೋಡಿದೆ. ಎಲ್ಲಾ ಬಾಯಿಪಾಠ. ಸಿಲ್ವರ್ ಕ್ಲೋರೈಡಿಗೆ ಹೀಗೆ, ಲೆಡ್ ಅಯೋಡೈಡಿಗೆ ಹಾಗೆ, ಕ್ಯಾಲ್ಸಿಯಂ ಫಾಸ್ಫೇಟಿಗೆ ಇನ್ನೊಂದು ಥರ. ಮೂರು ಪುಟ ಮಗ್ಗಿ ಥರ ಬರ್ಕೊಂಡಿದ್ದಾಳೆ. ಪಾಪ, ಅಷ್ಟು ಬೇಕಾಗೇ ಇಲ್ಲ. ಒಂದೇ ವಾಕ್ಯ ಸಾಕು: ಲವಣ ನೀರಲ್ಲಿ ಯಾವ ಯಾವ ತುಣುಕಾಗಿ ಒಡೆಯುತ್ತೆ, ಪ್ರತಿಯೊಂದೂ ಎಷ್ಟೆಷ್ಟು ಅಂತ ಬರೆದ್ಕೋ, ಒಂದಕ್ಕಿಂತ ಜಾಸ್ತಿ ಇರೋದಕ್ಕೆ ಅಷ್ಟೇ ಘಾತ ಹಾಕು, ಎಲ್ಲಾ ಗುಣಿಸು. ಆ ತುಣುಕುಗಳೇ ಅಯಾನುಗಳು.

ಸಿಲ್ವರ್ ಕ್ಲೋರೈಡ್ ಒಡೆದ್ರೆ ಒಂದು ಸಿಲ್ವರ್, ಒಂದು ಕ್ಲೋರೈಡ್. ಹಾಗಾಗಿ

ಕೆಎಸ್‌ಪಿ = [ಸಿಲ್ವರ್] × [ಕ್ಲೋರೈಡ್]

ನಮ್ಮ ಕೆಟಲ್ ತಳದ ಕ್ಯಾಲ್ಸಿಯಂ ಕಾರ್ಬೊನೇಟಿಗೂ ಅದೇ ಥರ:

ಕೆಎಸ್‌ಪಿ = [ಕ್ಯಾಲ್ಸಿಯಂ] × [ಕಾರ್ಬೊನೇಟ್]

ಕ್ಯಾಲ್ಸಿಯಂ ಫ್ಲೋರೈಡ್ ಸ್ವಲ್ಪ ಬೇರೆ. ಒಡೆದ್ರೆ ಒಂದು ಕ್ಯಾಲ್ಸಿಯಂ, ಎರಡು ಫ್ಲೋರೈಡ್. ಆ ಎರಡು ಹೋಗಿ ತಲೆ ಮೇಲೆ ಕೂರುತ್ತೆ:

ಕೆಎಸ್‌ಪಿ = [ಕ್ಯಾಲ್ಸಿಯಂ] × [ಫ್ಲೋರೈಡ್]²

ಚೌಕ ಆವರಣದೊಳಗಿರೋದು ಒಂದು ಲೀಟರ್ ನೀರಲ್ಲಿ ಎಷ್ಟು ಮೋಲ್ ಇದೆ ಅನ್ನೋ ಪ್ರಮಾಣ. ಮೋಲ್ ಅಂದ್ರೆ ಹೆದರಬೇಡಿ. ಡಜನ್ ಇದ್ದ ಹಾಗೆ ಅದೂ ಒಂದು ಎಣಿಕೆ, ತುಂಬಾ ದೊಡ್ಡದು ಅಷ್ಟೇ.

"ಸರಿ, ಆದ್ರೆ ಕರಗದೆ ತಳದಲ್ಲಿ ಕೂತಿರುತ್ತಲ್ಲ ಗಟ್ಟಿ, ಅದನ್ನ ಎಲ್ಲಿ ಬರೀಲಿ?" ಅಂದಳು.

ಎಲ್ಲೂ ಬರೆಯೋ ಹಾಗಿಲ್ಲ. ಈ ಜಾಗದಲ್ಲೇ ಎಲ್ಲರೂ ತಡವರಿಸೋದು. ಯಾಕೆ ಬರೀಬಾರದು ಅಂತ ಹೇಳೋಕೆ ಊರಿನ ನಮ್ಮಜ್ಜಿಯ ಸುಣ್ಣದ ಡಬ್ಬಿ ಸಾಕಾಯ್ತು. ಎಲೆಯಡಿಕೆಗೆ ಅಂತ ಸುಣ್ಣ ನೆನೆಹಾಕಿರ್ತಾರಲ್ಲ, ತಳದಲ್ಲಿ ಬೆಳ್ಳಗೆ ಸುಣ್ಣ, ಮೇಲೆ ತಿಳಿ ನೀರು. ಆ ತಿಳಿ ಬರೀ ನೀರಲ್ಲ. ಅರಿಶಿನಕ್ಕೆ ಬೆರೆಸಿದ್ರೆ ಕೆಂಪಗೆ ಆರತಿ ನೀರಾಗುತ್ತೆ, ಅಂದ್ರೆ ಅದರೊಳಗೆ ಸುಣ್ಣ ಕರಗಿದೆ. ಈಗ ಡಬ್ಬಿಗೆ ಒಂದು ಚಮಚ ಸುಣ್ಣ ಜಾಸ್ತಿ ಹಾಕಿದ್ರೆ ತಿಳಿ ಇನ್ನೂ ಖಾರ ಆಗುತ್ತಾ? ಇಲ್ಲ. ಒಂದು ಮೂಟೆ ಸುಣ್ಣದ ಮೇಲೆ ನಿಂತ ತಿಳಿಯೂ ಅಷ್ಟೇ ಖಾರ, ಒಂದು ಚಮಚದ ಮೇಲೆ ನಿಂತ ತಿಳಿಯೂ ಅಷ್ಟೇ. ತಳದಲ್ಲಿ ಸುಣ್ಣ ಇದೆಯಾ ಇಲ್ವಾ ಅನ್ನೋದು ಮುಖ್ಯ, ಎಷ್ಟಿದೆ ಅನ್ನೋದು ಲೆಕ್ಕಕ್ಕಿಲ್ಲ. ಅದಕ್ಕೇ ಗಟ್ಟಿಗೆ ಸೂತ್ರದಲ್ಲಿ ಜಾಗ ಇಲ್ಲ.

ಅವಳು ತಲೆ ಆಡಿಸಿದಳು. ಅಜ್ಜಿಯ ಡಬ್ಬಿ ಅವಳೂ ನೋಡಿದ್ದಾಳೆ.

ಈ ಸಂಖ್ಯೆಗಳು ತೀರಾ ಚಿಕ್ಕವು. ಸಿಲ್ವರ್ ಕ್ಲೋರೈಡಿಗೆ 1.8 × 10⁻¹⁰. ಬೇರಿಯಂ ಸಲ್ಫೇಟಿಗೆ 1.1 × 10⁻¹⁰. ಬೇರಿಯಂ ಕರಗಿ ಮೈ ಸೇರಿದ್ರೆ ವಿಷ. ಆದ್ರೂ ಹೊಟ್ಟೆಯ ಎಕ್ಸ್‌ರೇ ತೆಗೆಯೋ ಮೊದಲು ಒಂದು ಲೋಟ ಬೇರಿಯಂ ಸಲ್ಫೇಟ್ ಕುಡಿಸ್ತಾರೆ. ಧೈರ್ಯ ಬಂದಿದ್ದು ಆ ಹತ್ತರ ಮೇಲಿನ ಮೈನಸ್ ಹತ್ತರಿಂದ. ಕರಗೋದೇ ಅಷ್ಟು ಕಮ್ಮಿ. ಕ್ಯಾಲ್ಸಿಯಂ ಕಾರ್ಬೊನೇಟಿನದು ಸುಮಾರು 3.4 × 10⁻⁹.

ಅದಿರಲಿ, ಗೀಸರ್‌ನಲ್ಲಿ ಏನಾಗುತ್ತೆ? ಬೋರ್‌ವೆಲ್ ನೀರಲ್ಲಿ ಕ್ಯಾಲ್ಸಿಯಂ ಇರುತ್ತೆ, ಅದರ ಜೊತೆ ಬೈಕಾರ್ಬೊನೇಟ್ ಇರುತ್ತೆ. ತಣ್ಣಗಿದ್ದಾಗ ಇಬ್ಬರೂ ಗಲಾಟೆ ಇಲ್ಲದೆ ಇರ್ತಾರೆ. ಕಾಯಿಸಿದ್ರೆ ಬೈಕಾರ್ಬೊನೇಟ್ ಒಡೆದು ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತೆ, ಕಾರ್ಬೊನೇಟ್ ಹೆಚ್ಚಾಗುತ್ತೆ. ಗುಣಲಬ್ಧ ಮಿತಿ ದಾಟುತ್ತೆ. ದಾಟಿದ್ದಷ್ಟೂ ಗಟ್ಟಿಯಾಗಿ ಕಾಯಿಲ್ ಮೇಲೆ ಕೂರುತ್ತೆ. ಹಾಗೆ ನೋಡಿದ್ರೆ ನನ್ನ ಪೊಲೀಸ್ ಜೋಕು ಪೂರ್ತಿ ಸುಳ್ಳಲ್ಲ. ಕೆಎಸ್‌ಪಿ ಅಂದ್ರೆ ಸ್ಪೀಡ್ ಲಿಮಿಟ್. ಮಿತಿಯೊಳಗಿದ್ರೆ ಯಾರೂ ಕೇಳಲ್ಲ, ದಾಟಿದ್ರೆ ಪಕ್ಕಕ್ಕೆ ಹಾಕಿ ನಿಲ್ಲಿಸ್ತಾರೆ.

ಪರೆ ತೆಗೆಯೋಕೆ ಹುಣಸೆಹಣ್ಣೋ ನಿಂಬೆಹಣ್ಣೋ ಹಾಕಿ ಕುದಿಸ್ತೀವಲ್ಲ, ಅದೂ ಇದೇ ಸೂತ್ರ ತಿರುಗಿಸಿ ಓದಿದ ಹಾಗೆ. ಹುಳಿ ಬಂದು ಕಾರ್ಬೊನೇಟನ್ನ ಹಿಡಿದು ಗುಳ್ಳೆ ಮಾಡಿ ಓಡಿಸುತ್ತೆ. ಕಾರ್ಬೊನೇಟ್ ಕಮ್ಮಿ ಆಯ್ತು, ಗುಣಲಬ್ಧ ಮಿತಿಯ ಕೆಳಗೆ ಬಂತು, ತಳದ ಗಟ್ಟಿ ಕರಗೋಕೆ ಶುರು. "ನಮ್ಮ ಏರಿಯಾ ಹೆಸರಲ್ಲೇ ಹುಳಿ ಇದೆ, ನೀರಲ್ಲಿ ಮಾತ್ರ ಇಲ್ಲ" ಅಂತ ನಮ್ಮನೆಯವಳು ಅಡುಗೆಮನೆಯಿಂದ ಸೇರಿಸಿದಳು.

ಇಷ್ಟೊತ್ತಿಗೆ ಲೆಕ್ಕ ಸುಲಭ ಅನ್ನಿಸಿರಬೇಕು. ಹುಡುಗಿ ಕ್ಯಾಲ್ಸಿಯಂ ಫ್ಲೋರೈಡಿನ ಸಮಸ್ಯೆಗೆ ಕೈ ಹಾಕಿದಳು. ಶುದ್ಧ ನೀರಲ್ಲಿ ಎಷ್ಟು ಕರಗುತ್ತೆ? ಕರಗಿದ್ದು ಎಸ್ ಅನ್ನು. ಕ್ಯಾಲ್ಸಿಯಂ ಎಸ್, ಫ್ಲೋರೈಡ್ ಅದರ ಎರಡರಷ್ಟು. ಗುಣಿಸಿದ್ರೆ ನಾಲ್ಕು ಎಸ್ ಘನ. ಕೈಪಿಡಿಯಲ್ಲಿ ಇದರ ಕೆಎಸ್‌ಪಿ 25 ಡಿಗ್ರಿಯಲ್ಲಿ 3.45 × 10⁻¹¹ ಅಂತಿದೆ (ಪುಸ್ತಕದಿಂದ ಪುಸ್ತಕಕ್ಕೆ ಸಂಖ್ಯೆ ಬದಲಾಗುತ್ತೆ, ನಾವು ಇದನ್ನೇ ಇಟ್ಕೊಂಡ್ವಿ). ಲೆಕ್ಕ ಬಿಡಿಸಿದ್ರೆ ಒಂದು ಲೀಟರಿಗೆ ಸುಮಾರು 16 ಮಿಲಿಗ್ರಾಂ ಲವಣ ಕರಗುತ್ತೆ, ಅದರಲ್ಲಿ ಫ್ಲೋರೈಡ್ ಪಾಲು 7.8 ಮಿಲಿಗ್ರಾಂ.

"ಎರಡು ಅನ್ನೋದು ಒಂದ್ಸಲ ಗುಣಿಸೋಕೆ, ಇನ್ನೊಂದ್ಸಲ ಘಾತಕ್ಕೆ, ಎರಡು ಕಡೆ ಯಾಕೆ ಬರುತ್ತೆ ಮಾಮ?"

ಒಳ್ಳೆ ಪ್ರಶ್ನೆ. ಘಾತದ ಎರಡು ಸೂತ್ರದ್ದು, ಅದು ಯಾವಾಗಲೂ ಇರುತ್ತೆ. ಗುಣಿಸೋ ಎರಡು ಈ ಸಮಸ್ಯೆಯದ್ದು. ಇಲ್ಲಿ ಕ್ಯಾಲ್ಸಿಯಮ್ಮೂ ಫ್ಲೋರೈಡೂ ಒಂದೇ ಕಲ್ಲಿಂದ ಬಂದಿವೆ, ಅದಕ್ಕೇ ಒಂದಕ್ಕೆ ಎರಡು ಅನ್ನೋ ಅನುಪಾತ. ಬೇರೆ ಕಡೆಯಿಂದಲೂ ಕ್ಯಾಲ್ಸಿಯಂ ಬಂದಿದ್ರೆ, ಅಥವಾ ಇದ್ದ ಕ್ಯಾಲ್ಸಿಯಂ ಬೇರೆ ಯಾವುದೋ ದಾರಿಯಲ್ಲಿ ಹೊರಟುಹೋಗಿದ್ರೆ, ಆ ಅನುಪಾತ ಇರಲ್ಲ. ಸೂತ್ರ ಮಾತ್ರ ಹಾಗೇ ಇರುತ್ತೆ. ಅಯಾನು ಎಲ್ಲಿಂದ ಬಂತು, ಯಾರ ಮನೆಯದು ಅಂತ ಅದು ಕೇಳಲ್ಲ. ಈಗ, ಈ ನೀರಲ್ಲಿ, ಎಷ್ಟಿದೆ? ಅಷ್ಟೇ ಅದರ ಪ್ರಶ್ನೆ.

ಇಲ್ಲಿ ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಯಾಕಂದ್ರೆ ಈ ಲೆಕ್ಕ ನನ್ನ ಬಾಯೊಳಗಿದೆ.

ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಅಡ್ಡ ಪಟ್ಟೆಗಳಿವೆ. ಎಷ್ಟು ಉಜ್ಜಿದ್ರೂ ಹೋಗಲ್ಲ. ಶಾಶ್ವತ ಹಲ್ಲುಗಳ ಎನಾಮಲ್ ಒಸಡಿನೊಳಗೆ ತಯಾರಾಗೋ ವಯಸ್ಸಿನಲ್ಲಿ, ಅಂದ್ರೆ ಹೆಚ್ಚುಕಮ್ಮಿ ಎಂಟು ವರ್ಷದ ಒಳಗೆ, ಫ್ಲೋರೈಡ್ ಜಾಸ್ತಿ ಇರೋ ನೀರು ಕುಡಿದ್ರೆ ಹೀಗಾಗುತ್ತೆ. ಹಲ್ಲು ಹುಟ್ಟೋವಾಗಲೇ ಕಲೆ ಇರುತ್ತೆ. ಊರಲ್ಲಿ ಇದು ಯಾರಿಗೂ ವಿಶೇಷ ಅಲ್ಲ, ನಮ್ಮ ಕ್ಲಾಸಿನ ಗ್ರೂಪ್ ಫೋಟೋದಲ್ಲಿ ಎಲ್ಲರ ಹಲ್ಲೂ ಹಾಗೇ. ಬೆಂಗಳೂರಿಗೆ ಬಂದ ಮೇಲೆ ವಿಶೇಷ ಆಯ್ತು. ಮೊದಲ ಕೆಲಸದಲ್ಲಿ ಒಬ್ಬರು ಟೀ ಬ್ರೇಕಿನಲ್ಲಿ, "ಗುಟ್ಕಾ ಬಿಡಿ ಬಾಸ್" ಅಂತ ಪ್ರೀತಿಯಿಂದಲೇ ಹೇಳಿದ್ರು. ಹೆಣ್ಣು ನೋಡೋ ಕಾಲದಲ್ಲಿ ಒಂದು ಮನೆಯವರು ಮದುವೆ ಬ್ರೋಕರ್ ಹತ್ರ, "ಹುಡುಗಂಗೆ ಅಭ್ಯಾಸ ಏನಾದ್ರೂ ಇದೆಯಾ?" ಅಂತ ವಿಚಾರಿಸಿದ್ರಂತೆ. ನಗುವಾಗ ತುಟಿ ಮುಚ್ಚೋದು ರೂಢಿಯಾಯ್ತು. ವಿಡಿಯೋ ಕಾಲ್‌ನಲ್ಲಿ ಇವತ್ತಿಗೂ ಹಾಗೇ.

ಹಲ್ಲು ಹೋಗ್ಲಿ ಅನ್ನಬಹುದು. ಅಜ್ಜಿ ಕೊನೆಯ ಹತ್ತು ವರ್ಷ ಬೆನ್ನು ನೆಟ್ಟಗೆ ಮಾಡಲಾಗದೆ, ನೆಲ ನೋಡ್ಕೊಂಡೇ ಓಡಾಡಿದ್ರು. ಪಕ್ಕಕ್ಕೆ ತಿರುಗಿ ನೋಡಬೇಕಂದ್ರೆ ಇಡೀ ಮೈ ತಿರುಗಿಸಬೇಕಿತ್ತು. "ಗಾಳಿ ಹಿಡಿದದೆ" ಅಂತ ಎಣ್ಣೆ ಹಚ್ಚೋರು. ಅದು ಮೂಳೆಯ ಫ್ಲೋರೋಸಿಸ್ ಅಂತ ಹೇಳಿದ ಡಾಕ್ಟರು, ವಾಸಿಯಾಗಲ್ಲ ಅಂತಾನೂ ಹೇಳಿದ್ರು. ಇದು ನಮ್ಮೂರ ಕಾಯಿಲೆ ಮಾತ್ರ ಅಲ್ಲ. ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆ ಇದನ್ನ ಗುರುತಿಸಿ ವೈದ್ಯರು ಬರೆದಿದ್ದು 1937ರಲ್ಲಿ. ಕರ್ನಾಟಕದಲ್ಲಿ ಪಾವಗಡ, ಬಾಗೇಪಲ್ಲಿ, ಮುಂಡರಗಿ ಅಂತ ಫ್ಲೋರೈಡ್ ಊರುಗಳ ಹೆಸರು ಪೇಪರ್ ಓದೋರಿಗೆ ಗೊತ್ತು.

ನೀರಿಗೆ ಫ್ಲೋರೈಡ್ ಬರೋದು ಫ್ಯಾಕ್ಟರಿಯಿಂದ ಅಂದ್ಕೊಳ್ತಾರೆ ಕೆಲವರು. ನಮ್ಮ ಕಡೆ ಫ್ಯಾಕ್ಟರಿ ಎಲ್ಲಿತ್ತು? ಅದು ಬಂಡೆಯಿಂದ. ನಮ್ಮ ಗ್ರಾನೈಟ್ ಜಾತಿಯ ಕಲ್ಲುಗಳಲ್ಲಿ ಫ್ಲೋರೈಡ್ ಇರೋ ಖನಿಜಗಳಿವೆ, ಕ್ಯಾಲ್ಸಿಯಂ ಫ್ಲೋರೈಡೂ ಅದರಲ್ಲೊಂದು. ಕೆರೆ, ತೆರೆದ ಬಾವಿ ಬತ್ತಿದ ಮೇಲೆ ಬೋರ್ ಆಳಕ್ಕೆ ಇಳೀತು. ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರು ಮೇಲೆ ಬಂತು.

ಆದ್ರೆ ಬಂಡೆ ಒಂದನ್ನೇ ದೂರಿದ್ರೆ ಕಥೆ ಅರ್ಧ. ಉಳಿದರ್ಧ ಸೂತ್ರದಲ್ಲಿದೆ. ಇನ್ನೊಂದ್ಸಲ ನೋಡಿ: ಕ್ಯಾಲ್ಸಿಯಂ ಒಂದು, ಫ್ಲೋರೈಡ್ ವರ್ಗ, ಗುಣಿಸಿದ್ರೆ ಬದಲಾಗದ ಒಂದು ಸಂಖ್ಯೆ. ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ರೆ ಫ್ಲೋರೈಡ್ ಮೇಲೇರೋ ಹಾಗಿಲ್ಲ. ಕ್ಯಾಲ್ಸಿಯಂ ಕಮ್ಮಿ ಆದ್ರೆ ಫ್ಲೋರೈಡಿಗೆ ಮೇಲೆ ಜಾಗ ಸಿಗುತ್ತೆ.

ಅವಳ ಕೈಯಲ್ಲೇ ಲೆಕ್ಕ ಹಾಕಿಸಿದೆ. ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ರೆ ಫ್ಲೋರೈಡ್ ಸುಮಾರು 3.5 ಮಿಲಿಗ್ರಾಂ ತನಕ ಹೋಗಬಹುದು. ಕ್ಯಾಲ್ಸಿಯಂ ಕಾಲು ಭಾಗಕ್ಕೆ, ಅಂದ್ರೆ 10ಕ್ಕೆ ಇಳಿದ್ರೆ? ಫ್ಲೋರೈಡ್ ಮಿತಿ ಎರಡರಷ್ಟು, 7 ಮಿಲಿಗ್ರಾಂ. ಕಾಲು ಭಾಗಕ್ಕೆ ನಾಲ್ಕರಷ್ಟಾಗದೆ ಎರಡರಷ್ಟೇ ಆಗಿದ್ದು ಆ ತಲೆ ಮೇಲಿನ ಎರಡರಿಂದ. ಕುಡಿಯೋ ನೀರಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ರೆ 1.5ರ ತನಕ ಅನ್ನೋದು ಭಾರತೀಯ ಮಾನಕ. ವಿಶ್ವ ಆರೋಗ್ಯ ಸಂಸ್ಥೆಯೂ 1.5 ಅನ್ನುತ್ತೆ. ಬರೀ ಕ್ಯಾಲ್ಸಿಯಂ ಬಲದಿಂದ ಫ್ಲೋರೈಡನ್ನ 1.5ರಲ್ಲಿ ಹಿಡಿದಿಡಬೇಕಂದ್ರೆ ಲೀಟರಿಗೆ 220 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಆ ನೀರಲ್ಲಿ ಸೋಪು ನೊರೆನೂ ಬರಲ್ಲ.

"ನಮ್ಮೂರ ನೀರಲ್ಲಿ ಕ್ಯಾಲ್ಸಿಯಂ ಎಲ್ಲಿಗೆ ಹೋಗುತ್ತೆ?"

ಹೊಲದಲ್ಲಿ ನೇಗಿಲಿಗೆ ಸಿಗೋ ಸುಣ್ಣದ ಹರಳು ನೆನಪು ಮಾಡಿದೆ. ಬಿಸಿಲಿನ ಸೀಮೆಯಲ್ಲಿ ನೀರು ಆರ್ತಾ ಆರ್ತಾ ಕ್ಯಾಲ್ಸಿಯಂ ಕಾರ್ಬೊನೇಟ್ ತನ್ನ ಮಿತಿ ದಾಟಿ ಮಣ್ಣಲ್ಲಿ ಹರಳಾಗಿ ಕೂತುಬಿಡುತ್ತೆ. ಗೀಸರ್ ಕಾಯಿಲ್ ಮೇಲೆ ಕೂತ ಹಾಗೇ, ಬೆಂಕಿ ಬದಲು ಬಿಸಿಲು. ಇನ್ನೊಂದಿಷ್ಟು ಕ್ಯಾಲ್ಸಿಯಮ್ಮನ್ನ ಜೇಡಿಮಣ್ಣು ಹಿಡ್ಕೊಂಡು ಅದರ ಬದಲು ಸೋಡಿಯಂ ಬಿಡುತ್ತೆ. ಕಾವಲಿಗಿದ್ದ ಕ್ಯಾಲ್ಸಿಯಂ ಹೊರಟುಹೋಯ್ತು. ಫ್ಲೋರೈಡ್ ಆರಾಮಾಗಿ ಕರಗ್ತಾ ಹೋಗುತ್ತೆ. ಒಂದು ಲವಣದ ಕೆಎಸ್‌ಪಿ ಇನ್ನೊಂದರ ಬಾಗಿಲು ತೆಗೆದ ಹಾಗೆ. ನಾಲಿಗೆಗೆ ಏನೂ ಗೊತ್ತಾಗಲ್ಲ. ಆ ಪ್ರಮಾಣದಲ್ಲಿ ಫ್ಲೋರೈಡಿಗೆ ರುಚಿ ಇಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ.

ಅವಳಿಗೆ ತಕ್ಷಣ ಇನ್ನೊಂದು ಹೊಳೀತು. "ಮಾಮ, ನಮ್ಮ ಅಪಾರ್ಟ್‌ಮೆಂಟಿಗೆ ಸಾಫ್ಟ್‌ನರ್ ಹಾಕಿಸ್ತಾರಂತೆ, ವಾಟ್ಸಾಪ್ ಗ್ರೂಪಲ್ಲಿ ಬಂದಿತ್ತಲ್ಲ. ಅದೂ ಕ್ಯಾಲ್ಸಿಯಂ ತೆಗೆದು ಸೋಡಿಯಂ ಹಾಕುತ್ತೆ. ಹಂಗಾದ್ರೆ ಇಲ್ಲೂ ಫ್ಲೋರೈಡ್ ಜಾಸ್ತಿ ಆಗುತ್ತಾ?"

ಆಗಲ್ಲ. ಸಾಫ್ಟ್‌ನರ್ ದಾಟಿದ ನೀರು ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ನಿಲ್ಲುತ್ತೆ, ಬಂಡೆಯಲ್ಲಲ್ಲ. ಕರಗೋಕೆ ತಳದಲ್ಲಿ ಗಟ್ಟಿ ಇರಬೇಕು. ಇಲ್ದಿದ್ರೆ ಮಿತಿ ಎಷ್ಟೇ ಎತ್ತರ ಇರಲಿ, ಏರೋಕೆ ಯಾರೂ ಇರಲ್ಲ. ಸೂತ್ರದಲ್ಲಿ ಗಟ್ಟಿಗೆ ಜಾಗ ಇಲ್ಲ ನಿಜ, ಆದ್ರೆ ಅದು ಪಕ್ಕದಲ್ಲಿ ಇದ್ದಾಗ ಮಾತ್ರ ಸೂತ್ರಕ್ಕೆ ಬೆಲೆ. ನಮ್ಮಂಥ ಊರುಗಳಲ್ಲಿ ಅದು ಕಾಲ ಕೆಳಗೇ ಇದೆ.

ಇದೆಲ್ಲಾ ಕೇಳ್ತಿದ್ದ ನಮ್ಮನೆಯವಳು ಟೂತ್‌ಪೇಸ್ಟ್ ಟ್ಯೂಬ್ ತಂದು ಟೇಬಲ್ ಮೇಲಿಟ್ಟಳು. "ಇದರ ಮೇಲೆ ಫ್ಲೋರೈಡ್ ಅಂತ ದೊಡ್ಡದಾಗಿ ಬರೆದಿದ್ದಾರೆ. ಒಳ್ಳೇದಾ ಕೆಟ್ಟದ್ದಾ, ಒಂದು ಹೇಳಿ."

ಅದಕ್ಕೂ ಉತ್ತರ ಇದೇ ಅಧ್ಯಾಯದಲ್ಲಿದೆ. ಹಲ್ಲೂ ಒಂದು ಕರಗೀ ಕರಗದ ಲವಣ. ಹೈಡ್ರಾಕ್ಸಿಅಪಟೈಟ್ ಅಂತ ಹೆಸರು. ಐದು ಕ್ಯಾಲ್ಸಿಯಂ, ಮೂರು ಫಾಸ್ಫೇಟ್, ಒಂದು ಹೈಡ್ರಾಕ್ಸೈಡ್. ಸೂತ್ರ ಬರಿ ಅಂದೆ, ಹುಡುಗಿ ಬರೆದೇಬಿಟ್ಟಳು:

ಕೆಎಸ್‌ಪಿ = [ಕ್ಯಾಲ್ಸಿಯಂ]⁵ × [ಫಾಸ್ಫೇಟ್]³ × [ಹೈಡ್ರಾಕ್ಸೈಡ್]

ಬಾಯಲ್ಲಿ ಸಕ್ಕರೆ ತಿಂದ ಬ್ಯಾಕ್ಟೀರಿಯಾ ಹುಳಿ ಬಿಡುತ್ತೆ. ಹುಳಿ ಫಾಸ್ಫೇಟನ್ನೂ ಹೈಡ್ರಾಕ್ಸೈಡನ್ನೂ ಹಿಡ್ಕೊಳ್ಳುತ್ತೆ, ಗುಣಲಬ್ಧ ಇಳಿಯುತ್ತೆ, ಕೆಟಲಿನ ಪರೆ ಹೋದ ಹಾಗೆ ಹಲ್ಲು ಚೂರು ಚೂರೇ ಕರಗುತ್ತೆ. ಹಲ್ಲಿನ ಮೇಲ್ಮೈಯಲ್ಲಿ ಆ ಹೈಡ್ರಾಕ್ಸೈಡ್ ಜಾಗಕ್ಕೆ ಒಂದಿಷ್ಟು ಫ್ಲೋರೈಡ್ ಬಂದು ಕೂತ್ರೆ, ಹುಳಿಗೆ ಅಷ್ಟು ಬೇಗ ಬಗ್ಗದ ಲವಣವಾಗುತ್ತೆ. ಪೇಸ್ಟಿನಲ್ಲಿರೋದು ಉಜ್ಜಿ ಉಗಿಯೋಕೆ. ನಮ್ಮೂರಲ್ಲಿ ಅದನ್ನೇ ದಿನವಿಡೀ ಕುಡಿದ್ವಿ, ಹಲ್ಲು ಹುಟ್ಟೋ ಮೊದಲಿಂದ.

ಇಷ್ಟಕ್ಕೇ ಮುಗಿದಿದ್ರೆ ಇದು ಒಂದು ಭಾನುವಾರದ ಟ್ಯೂಷನ್. ಮುಗೀಲಿಲ್ಲ. ಮರುದಿನ ಅವಳು ಅಮ್ಮನಿಗೆ ಫೋನ್ ಮಾಡಿ, ಪಂಚಾಯ್ತಿಯಿಂದ ಮಾಡಿಸಿದ್ದ ನೀರಿನ ಪರೀಕ್ಷೆಯ ಕಾಗದದ ಫೋಟೋ ತರಿಸಿಕೊಂಡಿದ್ದಳು. ನಮ್ಮ ಬೀದಿಯ ಬೋರ್‌ವೆಲ್‌ದು. ಕ್ಯಾಲ್ಸಿಯಂ 36, ಫ್ಲೋರೈಡ್ 2.6, ಎರಡೂ ಲೀಟರಿಗೆ ಮಿಲಿಗ್ರಾಂ. ನಾನು ಆಫೀಸಿಂದ ಬರೋ ಹೊತ್ತಿಗೆ ನೋಟ್‌ಬುಕ್ಕಿನ ಒಂದು ಪುಟ ತುಂಬಿತ್ತು. 36ನ್ನ 40ರಿಂದ ಭಾಗಿಸಿ, 2.6ನ್ನ 19ರಿಂದ ಭಾಗಿಸಿ ಮೋಲ್ ಮಾಡಿದ್ದಾಳೆ. ಫ್ಲೋರೈಡ್ ವರ್ಗ ಮಾಡಿ ಗುಣಿಸಿದ್ದಾಳೆ. ಬಂದಿದ್ದು 1.7 × 10⁻¹¹. ಅದರ ಕೆಳಗೆ ಕೆಎಸ್‌ಪಿ ಬರೆದು, ಎರಡರ ನಡುವೆ ಒಂದು ಪ್ರಶ್ನಾರ್ಥಕ ಚಿಹ್ನೆ.

"ಮಾಮ, ಇದು ಮಿತಿಯ ಅರ್ಧ ಅಷ್ಟೇ ಬಂತು. ತಪ್ಪಾ?"

ಲೆಕ್ಕ ಎರಡು ಸಲ ನೋಡಿದೆ. ಸರಿಯಾಗಿತ್ತು. ನಿಜವಾದ ನೀರಲ್ಲಿ ಬೇರೆ ಲವಣಗಳೂ ಇರೋದ್ರಿಂದ ಸ್ವಲ್ಪ ಆಚೀಚೆ ಆಗಬಹುದು, ದಿಕ್ಕು ಬದಲಾಗಲ್ಲ. ಅರ್ಥ ಏನು ಅಂತ ಅವಳೇ ಹೇಳಲಿ ಅಂತ ಸುಮ್ಮನಿದ್ದೆ. ಸ್ವಲ್ಪ ಹೊತ್ತು ಪೆನ್ನು ಕಚ್ಚಿ, ಆಮೇಲೆ ನಿಧಾನಕ್ಕೆ ಅಂದಳು, "ಹಂಗಾದ್ರೆ ಈ ನೀರು ಇನ್ನೂ ತುಂಬಿಲ್ಲ. ಬಂಡೆಯಿಂದ ಇನ್ನೂ ಕರಗಿಸ್ಕೊಳ್ಳುತ್ತೆ."

ಹೌದು. ಆ ಕ್ಯಾಲ್ಸಿಯಂ ಮಟ್ಟದಲ್ಲಿ ಫ್ಲೋರೈಡ್ 3.7ರ ಹತ್ರ ಹೋಗೋಕೆ ಜಾಗ ಇದೆ. ಕ್ಯಾಲ್ಸಿಯಂ ಇನ್ನೂ ಇಳಿದ್ರೆ ಅದಕ್ಕೂ ಮೇಲೆ. 2.6 ಅನ್ನೋದು ಇವತ್ತಿನ ಸಂಖ್ಯೆ ಮಾತ್ರ.

ಅವಳ ಹಲ್ಲುಗಳ ಮೇಲೂ ಬಿಳಿ ಗೆರೆಗಳಿವೆ, ನನ್ನಷ್ಟಿಲ್ಲ. ಊರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದಾಗ ಅವಳು ಚಿಕ್ಕವಳು. ಐದು ರೂಪಾಯಿ ಕಾಯಿನ್ ಹಾಕಿದ್ರೆ ಇಪ್ಪತ್ತು ಲೀಟರ್. ಅವಳ ತಮ್ಮ ಅದಾದ ಮೇಲೆ ಹುಟ್ಟಿದವನು, ಅವನಿಗೆ ಈಗಷ್ಟೇ ಹಾಲು ಹಲ್ಲು ಬಿದ್ದು ಹೊಸ ಹಲ್ಲು ಬರ್ತಿದೆ. ಘಟಕದ ನೀರು ಕುಡಿಯೋಕೆ ಮಾತ್ರ ಅನ್ನೋದು ನಮ್ಮಕ್ಕನ ಮನೆ ಪದ್ಧತಿ. ಸಾರು, ಅನ್ನ, ಮುದ್ದೆ, ಕಾಫಿಗೆಲ್ಲ ನಲ್ಲೀಲಿ ಬರೋ ಬೋರ್ ನೀರೇ. ಕುದಿಸ್ತೀವಲ್ಲ, ಏನಾಗುತ್ತೆ ಅಂತ.

ಕುದಿಸೋದು ಹುಳಿಮಾವಿನ ನೀರಿಗೆ ಒಂದಿಷ್ಟು ಉಪಕಾರ ಮಾಡುತ್ತೆ; ಕ್ಯಾಲ್ಸಿಯಂ ಪರೆಯಾಗಿ ಕೂತು ನೀರು ಹಗುರಾಗುತ್ತೆ, ಕ್ರಿಮಿ ಸಾಯುತ್ತೆ. ಫ್ಲೋರೈಡಿಗೆ ಏನೂ ಆಗಲ್ಲ. ನೀರು ಆವಿಯಾಗಿ ಹೋಗುತ್ತೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತೆ, ಇನ್ನಷ್ಟು ದಟ್ಟವಾಗಿ. ಬಟ್ಟೆ ಸೋಸಿದ್ರೂ ಹೋಗಲ್ಲ, ಕ್ಯಾಂಡಲ್ ಫಿಲ್ಟರಿಗೂ ಸಿಗಲ್ಲ. ಆರ್‌ಒ ಬೇಕು, ಇಲ್ಲ ಅಲ್ಯೂಮಿನಾ ಫಿಲ್ಟರ್ ಬೇಕು, ಇಲ್ಲ ಆಲಮ್ಮು ಸುಣ್ಣ ಹಾಕಿ ತಿಳಿಗೊಳಿಸೋ ನಲ್ಗೊಂಡ ವಿಧಾನ ಬೇಕು. ಅದನ್ನ ರೂಪಿಸಿದ್ದು ನಾಗಪುರದ ನೀರಿ ಸಂಸ್ಥೆ. ಎಲ್ಲಕ್ಕಿಂತ ಒಳ್ಳೇದು ಬೇರೆ ಕಡೆಯ ನೀರು. ತುಂಗಭದ್ರಾ ಹಿನ್ನೀರನ್ನ ಪಾವಗಡದ ತನಕ ತರೋ ಯೋಜನೆಗೆ ಜನ ಅಷ್ಟು ವರ್ಷ ಕಾದಿದ್ದು ಅದಕ್ಕೇ.

ಫೋನ್ ಸ್ಪೀಕರಿಗೆ ಹಾಕಿದ್ವಿ. ನಾನು ಏನೂ ಹೇಳಲಿಲ್ಲ, ಹುಡುಗಿಯೇ ಹೇಳಿದಳು. ಕೆಎಸ್‌ಪಿ, ಘಾತ, ಮೋಲ್ ಯಾವುದರ ಹೆಸರೂ ಎತ್ತಲಿಲ್ಲ. "ಅಮ್ಮ, ಆ ನೀರಿನ ಹೊಟ್ಟೆ ಇನ್ನೂ ತುಂಬಿಲ್ಲ, ದಿನ ಕಳೆದಂಗೆ ಜಾಸ್ತಿ ಆಗಬೋದು. ಕುದಿಸಿದ್ರೆ ಹೋಗಲ್ಲ. ತಮ್ಮಂಗೆ ಹೊಸ ಹಲ್ಲು ಬರ್ತಾ ಇದೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಅಕ್ಕನ ಹಲ್ಲೂ ನನ್ನ ಹಲ್ಲಿನ ಥರಾನೇ. ಅವಳ ಮದುವೆ ಫೋಟೋಗಳಲ್ಲಿ ಒಂದರಲ್ಲೂ ಬಾಯಿ ತೆಗೆದು ನಕ್ಕಿಲ್ಲ.

"ಹಂಗಾದ್ರೆ ಸಾರಿಗೂ ಘಟಕದ ನೀರೇನಾ?"

"ಸಾರಿಗೂ. ಮುದ್ದೆಗೂ."

"ಒಂದು ಕ್ಯಾನ್ ಸಾಕಾಗಲ್ಲ ಕಣೇ, ದಿನಕ್ಕೆ ಎರಡು ಬೇಕಾಗುತ್ತೆ. ನಿಮ್ಮಪ್ಪ ತರ್ತಾರೆ ಬಿಡು, ಎಕ್ಸೆಲ್ ಗಾಡೀಲಿ ಎರಡು ಹಿಡಿತವೆ. ತಿಂಗಳಿಗೆ ಎಷ್ಟಾಗುತ್ತೆ, ಲೆಕ್ಕ ಹಾಕಿ ಹೇಳು."

ಹುಡುಗಿ ಅದೇ ಪುಟದ ಕೆಳಗೆ, 10⁻¹¹ಗಳ ಸಾಲು ಮುಗಿದ ಜಾಗದಲ್ಲಿ, ಅರವತ್ತು ಕ್ಯಾನ್, ಕ್ಯಾನಿಗೆ ಐದು ಅಂತ ಬರೆದಳು.

"ಮುನ್ನೂರು ರೂಪಾಯಿ, ಅಮ್ಮ."

"ಸರಿ, ನಾಳೆಯಿಂದ ತರಿಸ್ತೀನಿ. ನಿಂದು ಊಟ ಆಯ್ತಾ?"